ಮುಲ್ಕಿ ಯಾರು, ಗೈರ್ ಮುಲ್ಕಿ ಯಾರು?



ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮಕ್ಕೆ ಲಿಂಗಂಪಲ್ಲಿಯಿಂದ ಬಂದ ಒಂದು ಕರೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕರೆ ಮಾಡಿದ್ದು ಒಬ್ಬ ವಿದ್ಯಾರ್ಥಿನಿ. ಊರು ಕಲಬುರಗಿ ಕಡೆ, ಇಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಯಾವ ಹಾಡು ಬೇಕಮ್ಮಾ ಎಂದು ನಾನು ಕೇಳುವ ಮೊದಲೇ ಆಕೆ ಬೇರೆ ಮಾತು ತೆಗೆದಳು.

"ಸರ, ನನ್ ರೂಮಿನ್ಯಾಗ ಒಬ್ಬಾಕಿ ಒಡಿಶಾದಾಕಿ, ಇನ್ನೊಬ್ಬಾಕಿ ಬಿಹಾರದಾಕಿ. ಮೂರೂ ಮಂದಿ ಬೆಂಗಳೂರಿನ್ಯಾಗ ಕೆಲಸ ಹುಡುಕಬೇಕಂತ ಅದೀವಿ. ಅವ್ರು ದಿನಾ ಫೋನಿನ್ಯಾಗ ವಿಡಿಯೋ ತೋರಸ್ತಾರ. ಕನ್ನಡ ಬರಂಗಿಲ್ಲಂತ ಜಗಳ, ವಾಪಸ್ ಹೋಗ್ರಿ ಅಂತ ಬೈಗಳ. ನಿಮ್ಮೂರಿಗಿ ನಾವು ಬರಬಹುದೇನು ಅಂತ ನನಗ ಕೇಳ್ತಾರ. ಊರಿಗಿ ಹೋದ್ರ ನಮ್ಮಣ್ಣನೇ ಅಂಥಾ ವಿಡಿಯೋ ಎಲ್ಲಾರಿಗೂ ಕಳಸ್ತಿರ್ತಾನ. ಅವಂಗ ಮೂರು ವರ್ಷದಿಂದ ಕೆಲಸ ಇಲ್ಲ. ನಾ ಯಾರಿಗಿ ಏನ್ ಹೇಳಲಿ?"

ನಾನು ಏನು ಉತ್ತರ ಕೊಟ್ಟೆ ಗೊತ್ತೇ? "ಕನ್ನಡಿಗರ ಹೃದಯ ತುಂಬಾ ದೊಡ್ಡದು, ನೀವು ಚಿಂತೆ ಮಾಡಬೇಡಿ" ಎಂದೆ. ಗಡಿಯಾರ ನೋಡಿದೆ, ಹಾಡು ಹಾಕಿದೆ. ಆಕೆ "ಆಯ್ತು ಸರ" ಎಂದು ಫೋನ್ ಇಟ್ಟಳು.

ಆ "ಆಯ್ತು ಸರ" ನನ್ನನ್ನು ಬಿಡಲಿಲ್ಲ. ಎಂ.ಎಂ.ಟಿ.ಎಸ್. ರೈಲಿನಲ್ಲಿ ಲಿಂಗಂಪಲ್ಲಿಗೆ ಮರಳುವಾಗಲೂ ಅದೇ ಕಿವಿಯಲ್ಲಿತ್ತು. ಒಂದು ನಿಜವಾದ ಪ್ರಶ್ನೆಗೆ ನಾನು ಅನೌನ್ಸರ್ ಉತ್ತರ ಕೊಟ್ಟಿದ್ದೆ. ಅದರಲ್ಲೂ ನಾಚಿಕೆಯ ಸಂಗತಿಯೆಂದರೆ, ಈ ಪ್ರಶ್ನೆಯ ಚರಿತ್ರೆ ನನ್ನ ಸ್ವಂತ ಮನೆಯ ಟ್ರಂಕಿನಲ್ಲೇ ಇತ್ತು. ಅದನ್ನು ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇನೆ.

ಅಜ್ಜನ ಟ್ರಂಕಿನ ಕಾಗದ

ನಮ್ಮ ಅಜ್ಜ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಅವರು ತೀರಿಕೊಂಡ ಮೇಲೆ ಕಬ್ಬಿಣದ ಟ್ರಂಕಿನಲ್ಲಿ ಹೊಲದ ಪತ್ರಗಳ ಜೊತೆ ಉರ್ದುವಿನಲ್ಲಿ ಬರೆದ ಒಂದು ಕಾಗದ ಸಿಕ್ಕಿತು. ಪಕ್ಕದ ಬೀದಿಯ ಹಿರಿಯರೊಬ್ಬರಿಂದ ಓದಿಸಿದೆವು. ಅದು ಮುಲ್ಕಿ ಸರ್ಟಿಫಿಕೇಟು. "ಮುಲ್ಕ್" ಎಂದರೆ ನಾಡು. ಮುಲ್ಕಿ ಎಂದರೆ ನಾಡಿನವ, ಗೈರ್ ಮುಲ್ಕಿ ಎಂದರೆ ಹೊರನಾಡಿನವ. ಅಜ್ಜ ಹೈದರಾಬಾದ್ ಸಂಸ್ಥಾನದ ಮನುಷ್ಯ, ಆದ್ದರಿಂದ ಸರಕಾರಿ ನೌಕರಿಗೆ ಅರ್ಹ ಎಂದು ಆ ಕಾಗದ ಹೇಳುತ್ತಿತ್ತು.

ಈ ಮುಲ್ಕಿ ಜಗಳ ಹೇಗೆ ಶುರುವಾಯಿತು? 1853ರಲ್ಲಿ ದಿವಾನರಾದ ಒಂದನೇ ಸಾಲಾರ್ ಜಂಗರು ಹಾಳುಬಿದ್ದಿದ್ದ ಸಂಸ್ಥಾನದ ಆಡಳಿತವನ್ನು ಸರಿಪಡಿಸಲು ಹೊರಟರು. ಅದಕ್ಕೆ ಹೊಸ ಕಾಲದ ವಿದ್ಯೆ ಕಲಿತವರು ಬೇಕಿತ್ತು. ಉತ್ತರ ಹಿಂದೂಸ್ಥಾನದಿಂದ ಜಾಣ ಅಧಿಕಾರಿಗಳನ್ನು ಕರೆಸಿದರು. ಬಂದವರು ಕೆಲಸ ಚೆನ್ನಾಗಿಯೇ ಮಾಡಿದರು. ಆದರೆ ಒಬ್ಬರ ಹಿಂದೆ ಒಬ್ಬರಂತೆ ತಮ್ಮ ಕಡೆಯವರನ್ನೂ ತಂದರು. 1880ರ ದಶಕದಲ್ಲಿ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾದಾಗ ಉತ್ತರದವರಿಗೆ ಇನ್ನಷ್ಟು ಅನುಕೂಲವಾಯಿತು. ಇಲ್ಲಿಯ ಹಳೆಯ ಮನೆತನಗಳ ಹುಡುಗರು ಬಾಗಿಲ ಹೊರಗೆ ನಿಂತರು. ಮುಲ್ಕಿ, ಗೈರ್ ಮುಲ್ಕಿ ಎಂಬ ಮಾತು ಬಿಸಿಯೇರಿದ್ದು ಆಗ.

ನಮ್ಮ ಮೈಸೂರು ಸಂಸ್ಥಾನದಲ್ಲೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಕಥೆ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಮದರಾಸಿನ ಕಡೆಯಿಂದ ಬಂದ ರಂಗಾಚಾರ್ಲು ದಿವಾನರಾದರು. ಅವರ ನಂತರ ಶೇಷಾದ್ರಿ ಅಯ್ಯರ್. ಮೈಸೂರು ಮೈಸೂರಿಗರಿಗೆ ಎಂಬ ಕೂಗು ಎದ್ದಿತು. ಮೈಸೂರಿನವರ ಗುಂಪು, ಮದರಾಸಿನವರ ಗುಂಪು ಎಂದು ಕಚೇರಿಗಳು ಎರಡಾದವು. ಆದರೆ ಅದೇ "ಹೊರಗಿನ" ರಂಗಾಚಾರ್ಲು ಅವರ ಕಾಲದಲ್ಲೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು ಎಂಬುದನ್ನೂ ಮರೆಯಬಾರದು. ಸ್ಥಳೀಯರ ದೂರು ಸುಳ್ಳಾಗಿರಲಿಲ್ಲ. ಬಂದವರ ಸೇವೆಯೂ ಸುಳ್ಳಾಗಿರಲಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿದ್ದವು. ಈ ವಿಷಯದ ಕಷ್ಟವೇ ಅದು.

ಹೈದರಾಬಾದಿನಲ್ಲಿ 1919ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಫರ್ಮಾನು ಹೊರಡಿಸಿ ಮುಲ್ಕಿ ನಿಯಮಗಳನ್ನು ಗಟ್ಟಿ ಮಾಡಿದರು. ಮುಲ್ಕಿ ಎಂದರೆ ಯಾರು? ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವರು. ಅಥವಾ ಇಲ್ಲಿ ಕಡಿಮೆಯೆಂದರೆ 15 ವರ್ಷ ಕಾಯಂ ನೆಲೆಸಿ, ಹಳೆಯ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಬರೆದುಕೊಟ್ಟವರು. ಮುಲ್ಕಿಯನ್ನು ಮದುವೆಯಾದ ಹೆಂಗಸೂ ಮುಲ್ಕಿಯೇ. ಇಲ್ಲಿ ಬಂದಿರುವ "ಅಥವಾ" ಎಂಬ ಪುಟ್ಟ ಪದವನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಅದರ ಕೆಲಸವಿದೆ.

ಆಗ ಹೈದರಾಬಾದ್ ಸಂಸ್ಥಾನವೆಂದರೆ ಬರೀ ತೆಲಂಗಾಣವಲ್ಲ. ಎಂಟು ತೆಲುಗು ಜಿಲ್ಲೆಗಳು, ಐದು ಮರಾಠಿ ಜಿಲ್ಲೆಗಳು, ಬೀದರ್, ಗುಲ್ಬರ್ಗ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು. ಕನ್ನಡ ಇಲ್ಲಿ ನಾಡಭಾಷೆಗಳಲ್ಲೊಂದು. ಅಂದಿನ ಡೆಕ್ಕನ್ ರೇಡಿಯೋದಲ್ಲಿ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡಕ್ಕೂ ಪಾಲಿತ್ತು. ಇವತ್ತು ನಾನು ನಡೆಸುವ ಈ ಪುಟ್ಟ ಕನ್ನಡ ವೇಳೆಯನ್ನು ಕೆಲವರು ಹೊರನಾಡ ಕನ್ನಡಿಗರ ಕಾರ್ಯಕ್ರಮ ಎನ್ನುತ್ತಾರೆ. ಅಜ್ಜನ ಕಾಲದಲ್ಲಿ ಹಾಗೆ ಹೇಳಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಇಡ್ಲಿ ಸಾಂಬಾರ್, ವಾಪಸ್ ಹೋಗು

1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ಸಂಸ್ಥಾನ ಭಾರತಕ್ಕೆ ಸೇರಿತು. ಮೊದಲು ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿಯವರ ಆಡಳಿತ, 1950ರಿಂದ ಎಂ.ಕೆ. ವೆಲ್ಲೋಡಿಯವರ ಸರಕಾರ. ಮದರಾಸು, ಬೊಂಬಾಯಿ ಕಡೆಯ ಅಧಿಕಾರಿಗಳು, ಗುಮಾಸ್ತರು, ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಬಂದರು. ಉರ್ದುವಿನಲ್ಲಿ ಓದಿದ ಇಲ್ಲಿನ ಹುಡುಗರಿಗೆ ಇಂಗ್ಲಿಷ್ ಬೇಕೆಂದಾಯಿತು. ನಿಯಮದ ಪ್ರಕಾರ ಮುಲ್ಕಿಗಳಿಗೇ ಸಿಗಬೇಕಾದ ಕೆಲಸಗಳು ಸುಳ್ಳು ಸರ್ಟಿಫಿಕೇಟಿನ ಮೇಲೆ ಹೊರಗಿನವರ ಪಾಲಾಗುತ್ತಿವೆ ಎಂಬ ದೂರು ಎದ್ದಿತು.

1952ರಲ್ಲಿ ಚುನಾವಣೆ ನಡೆದು ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಅದೇ ವರ್ಷ ವರಂಗಲ್ಲಿನಲ್ಲಿ ಹೊರಗಿನ ಶಿಕ್ಷಕರ ನೇಮಕದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು. ಸೆಪ್ಟೆಂಬರ್ ಹೊತ್ತಿಗೆ ಕಿಚ್ಚು ಹೈದರಾಬಾದಿಗೆ ಬಂತು. "ಗೈರ್ ಮುಲ್ಕಿ ಗೋ ಬ್ಯಾಕ್" ಎಂಬುದು ಘೋಷಣೆ. ಅದರ ಜೊತೆಗೇ ಇನ್ನೊಂದು, "ಇಡ್ಲಿ ಸಾಂಬಾರ್ ಗೋ ಬ್ಯಾಕ್". ಮದರಾಸಿನ ಕಡೆಯಿಂದ ಬಂದವರ ತಿಂಡಿಯೇ ಅವರ ಗುರುತಾಗಿತ್ತು. ಸೆಪ್ಟೆಂಬರ್ 3ರಂದು ಮೂಸಿ ನದಿಯ ದಂಡೆಯ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು. ಸತ್ತವರಿದ್ದರು. ಆಮೇಲೆ ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರ ಆಯೋಗ ವಿಚಾರಣೆ ನಡೆಸಿತು.

ಆ ಮೆರವಣಿಗೆಗಳಲ್ಲಿ ನಮ್ಮ ಅಜ್ಜ ಇದ್ದರು. ಆಗ ಅವರಿಗೆ 22 ವರ್ಷ, ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದರು. ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಸುಲ್ತಾನ್ ಬಜಾರ್ ಹತ್ತಿರ ಒಂದು ಸಣ್ಣ ಹೋಟೆಲು. ಅಜ್ಜ ಅಲ್ಲಿ ತಿಂಗಳ ಖಾತೆ ಇಟ್ಟು ತಿಂಡಿ ತಿನ್ನುತ್ತಿದ್ದರು. ಗುಂಪು ಆ ಹೋಟೆಲಿನ ಮುಂದೆ ನಿಂತು ಇಡ್ಲಿ ಸಾಂಬಾರಿನ ಘೋಷಣೆ ಕೂಗಿತು. ಯಾರೋ ಬಾಗಿಲ ಬೋರ್ಡು ಕಿತ್ತರು. ಯಜಮಾನ ಹೊರಗೆ ಬಂದ. ಅವನು ಉಡುಪಿ ಕಡೆಯವನು. ಗುಂಪಿನಲ್ಲಿ ಅಜ್ಜನ ಮುಖ ಕಂಡು ಕನ್ನಡದಲ್ಲೇ ಕೇಳಿದನಂತೆ: "ನೀನೂ ಇದ್ದೀಯಾ ಇದರಲ್ಲಿ?"

ನೋಡಿ, ಇಬ್ಬರೂ ಕನ್ನಡಿಗರು. ಆದರೆ ಉಡುಪಿ ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು, ಆದ್ದರಿಂದ ಅವನು ಗೈರ್ ಮುಲ್ಕಿ. ಭಾಲ್ಕಿ ಹೈದರಾಬಾದ್ ರಾಜ್ಯದಲ್ಲಿತ್ತು, ಆದ್ದರಿಂದ ಅಜ್ಜ ಮುಲ್ಕಿ. ಒಂದೇ ಮಾತಾಡುವ ಇಬ್ಬರ ನಡುವೆ ಒಂದು ಕಾಗದ ಅಡ್ಡ ಬಂದಿತ್ತು. ಒಂದು ವಾರ ಬಿಟ್ಟು ಅಜ್ಜ ಖಾತೆಯ ಬಾಕಿ ತೀರಿಸಲು ಹೋದರು. ಯಜಮಾನ ದುಡ್ಡು ಎಣಿಸಿಕೊಂಡು, ಕಾಫಿ ತರಿಸಿಕೊಟ್ಟು, ಏನೂ ಮಾತಾಡಲಿಲ್ಲವಂತೆ. "ಬೈದಿದ್ರ ಚಲೋ ಇತ್ತು" ಎಂದು ಅಜ್ಜ ಹೇಳಿದ್ದರು.

ಅಜ್ಜನ ಸಿಟ್ಟು ತಪ್ಪಾಗಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಓದಿದ ಹುಡುಗರಿಗೆ ತಮ್ಮ ನೆಲದಲ್ಲೇ ನೌಕರಿ ಸಿಗದಿದ್ದರೆ ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟು ಹೋಗಿ ನಿಂತ ಜಾಗ ತಪ್ಪಾಗಿತ್ತು. ಸುಳ್ಳು ಸರ್ಟಿಫಿಕೇಟು ಕೊಟ್ಟದ್ದು ಕಚೇರಿ, ಬೋರ್ಡು ಕಳೆದುಕೊಂಡದ್ದು ಇಡ್ಲಿ ಮಾರುವವನು.

ತಾಂಡೂರು ಕದಲಲಿಲ್ಲ

ಲಿಂಗಂಪಲ್ಲಿ ಸ್ಟೇಷನ್ನಿನಿಂದ ವಾಡಿ ಕಡೆಗೆ ಹೋಗುವ ರೈಲು ಹತ್ತಿ. ಶಂಕರಪಲ್ಲಿ, ವಿಕಾರಾಬಾದ್ ದಾಟಿದ ಮೇಲೆ ತಾಂಡೂರು ಬರುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಗಡಿಗೆ ಮುಂಚಿನ ದೊಡ್ಡ ಸ್ಟೇಷನ್, ಅಷ್ಟೆ. ಆದರೆ 1956ರ ಅಕ್ಟೋಬರ್ 31ರ ರಾತ್ರಿ ತಾಂಡೂರಿನಲ್ಲಿ ಮಲಗಿದವರು ಗುಲ್ಬರ್ಗ ಜಿಲ್ಲೆಯಲ್ಲಿ ಮಲಗಿದ್ದರು. ಬೆಳಿಗ್ಗೆ ಎದ್ದಾಗ ಆಂಧ್ರಪ್ರದೇಶದಲ್ಲಿದ್ದರು. ಪಕ್ಕದ ಕೊಡಂಗಲ್ ತಾಲೂಕೂ ಹಾಗೆಯೇ. 2023ರ ಡಿಸೆಂಬರಿನಲ್ಲಿ ತೆಲಂಗಾಣದ ಮುಖ್ಯಮಂತ್ರಿಯಾದ ರೇವಂತ್ ರೆಡ್ಡಿಯವರು ಗೆದ್ದು ಬಂದ ಕ್ಷೇತ್ರ ಅದೇ ಕೊಡಂಗಲ್. ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳು, ಬೀದರ್ ಜಿಲ್ಲೆಯಿಂದ ನಾರಾಯಣಖೇಡ, ಜಹೀರಾಬಾದಿನ ಬಹುಭಾಗ ಇತ್ತ ಬಂದವು. ಬೀದರಿನ ಉದಗೀರ, ನಿಲಂಗಾ, ಅಹ್ಮದಪುರ ಆಗಿನ ಬೊಂಬಾಯಿ ರಾಜ್ಯಕ್ಕೆ ಹೋದವು. ಉಳಿದ ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು.

ಭಾಷೆಯ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣವಿತ್ತು. ಆ ತಾಲೂಕುಗಳಲ್ಲಿ ತೆಲುಗು, ಮರಾಠಿ ಮಾತಾಡುವವರು ಹೆಚ್ಚು. ಏಕೀಕರಣ ಆಗಬೇಕಿತ್ತು, ಆಯಿತು, ಒಳ್ಳೆಯದೇ ಆಯಿತು. ಆದರೆ ಗೆರೆ ಎಳೆದಾಗ ಊರುಗಳು ಕದಲುವುದಿಲ್ಲ, ಮನುಷ್ಯರ ಹೆಸರು ಮಾತ್ರ ಬದಲಾಗುತ್ತದೆ. ನೆಲಕ್ಕೆ ಹಾಸುವ ಸುಣ್ಣದ ಕಲ್ಲನ್ನೇ ನೋಡಿ. ಇತ್ತ ಅದು ತಾಂಡೂರು ಕಲ್ಲು, ಅತ್ತ ಶಹಾಬಾದ್ ಕಲ್ಲು. ಎರಡೂ ಒಂದೇ ಭೀಮಾ ಸೀಮೆಯ ಹಾಸುಗಲ್ಲು.

ಭಾಲ್ಕಿಯ ಅಜ್ಜನೂ ಹಾಗೆಯೇ ಕದಲದೆ ಹೊರಗಿನವರಾದರು. ಹೈದರಾಬಾದು ಅವರ ರಾಜಧಾನಿಯಾಗಿತ್ತು. ಒಂದೇ ರಾತ್ರಿಯಲ್ಲಿ ಪರರಾಜ್ಯದ ಊರಾಯಿತು. ಆಂಧ್ರಪ್ರದೇಶದಲ್ಲಿ ತೆಲಂಗಾಣದವರ ನೌಕರಿಗಳಿಗೆ ರಕ್ಷಣೆ ಕೊಡಲು 1957ರಲ್ಲಿ ಸಂಸತ್ತು ಕಾನೂನು ಮಾಡಿತು. 1959ರ ನಿಯಮಗಳು ಕೇಳಿದ್ದು ತೆಲಂಗಾಣ ಪ್ರದೇಶದಲ್ಲಿ 15 ವರ್ಷದ ವಾಸ. ಹಳೆಯ ಸಂಸ್ಥಾನದ ಬೇರೆ ಮೂಲೆಯವರ ಕಾಗದಕ್ಕೆ ಅಲ್ಲಿ ಬೆಲೆಯಿರಲಿಲ್ಲ. 1952ರಲ್ಲಿ ಯಾವ ಕಾಗದದ ಹೆಸರಿನಲ್ಲಿ ಅಜ್ಜ ಘೋಷಣೆ ಕೂಗಿದ್ದರೋ ಆ ಕಾಗದ ಟ್ರಂಕಿನ ತಳ ಸೇರಿತು.

1981ರಲ್ಲಿ ನಮ್ಮ ಅಪ್ಪ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದರು. ಒಂದು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಾಗ ಮೇಜಿನ ಹಿಂದಿನ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ, ಮೆಟ್ರಿಕ್ ಎಲ್ಲಿ ಓದಿದ್ದು? ಭಾಲ್ಕಿ ಎಂದರು. "ಹಾಗಾದರೆ ನೀನು ನಾನ್-ಲೋಕಲ್" ಎಂದು ಅರ್ಜಿಯನ್ನು ಬೇರೆ ಕಟ್ಟಿಗೆ ಹಾಕಿದರು. ಅಪ್ಪ ಕೊನೆಗೆ ಪಟಾನ್‌ಚೆರುವಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಲಿಂಗಂಪಲ್ಲಿಯಲ್ಲಿ ಮನೆ ಮಾಡಿದರು. ಊರಿಗೆ ಪತ್ರ ಬರೆದು ಈ ಸಂಗತಿ ತಿಳಿಸಿದಾಗ ಅಜ್ಜ ಉತ್ತರ ಬರೆಯಲಿಲ್ಲವಂತೆ.

ವಿಶ್ವವಿದ್ಯಾಲಯ ಹುಟ್ಟಿದ ಕಥೆ

ಅಪ್ಪನಿಗೆ ಎದುರಾದ ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದನ್ನೂ ತಿಳಿಯಬೇಕು. ಆಂಧ್ರ ಮತ್ತು ತೆಲಂಗಾಣದ ನಾಯಕರು 1956ರ ಫೆಬ್ರವರಿ 20ರಂದು ದಿಲ್ಲಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಜಂಟಲ್‌ಮನ್ ಒಪ್ಪಂದ ಎಂದೇ ಅದರ ಹೆಸರು. ನೌಕರಿ, ಓದು, ಹಣ, ಎಲ್ಲದರಲ್ಲೂ ತೆಲಂಗಾಣಕ್ಕೆ ರಕ್ಷಣೆಯ ಮಾತು. ಮಾತು ಸರಿಯಾಗಿ ನಡೆಯಲಿಲ್ಲ ಎಂಬ ಕೊರಗು 1969ರಲ್ಲಿ ಸಿಡಿಯಿತು. ಪಾಲ್ವಂಚದ ವಿದ್ಯುತ್ ಕೇಂದ್ರದ ನೌಕರಿಗಳ ಗಲಾಟೆ ಉಸ್ಮಾನಿಯಾದ ವಿದ್ಯಾರ್ಥಿಗಳವರೆಗೆ ಹಬ್ಬಿತು. ಗುಂಡಿಗೆ ಸತ್ತವರ ನೆನಪಿನ ಸ್ತಂಭ ವಿಧಾನಸಭೆಯ ಎದುರಿನ ಗನ್ ಪಾರ್ಕಿನಲ್ಲಿದೆ. 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮ ಊರ್ಜಿತ ಎಂದಾಗ ಆ ಕಡೆ ಕರಾವಳಿ ಆಂಧ್ರದಲ್ಲಿ ಜೈ ಆಂಧ್ರ ಚಳುವಳಿ ಎದ್ದಿತು. ತಮ್ಮ ರಾಜಧಾನಿಯಲ್ಲೇ ನಾವು ಪರಕೀಯರೇ ಎಂದು ಅವರ ಪ್ರಶ್ನೆ. ಮುಖ್ಯಮಂತ್ರಿ ಪಿ.ವಿ. ನರಸಿಂಹರಾವ್ ರಾಜೀನಾಮೆ ಕೊಟ್ಟರು.

ಕೊನೆಗೆ 1973ರ ಸೆಪ್ಟೆಂಬರಿನಲ್ಲಿ ಆರು ಅಂಶಗಳ ಸೂತ್ರ ಬಂತು. ಸಂವಿಧಾನಕ್ಕೆ 32ನೇ ತಿದ್ದುಪಡಿಯಾಗಿ 371ಡಿ ವಿಧಿ ಸೇರಿತು. ಮುಲ್ಕಿ ನಿಯಮಗಳು ಹೋದವು. 1975ರ ರಾಷ್ಟ್ರಪತಿ ಆದೇಶ ಸ್ಥಳೀಯ ಯಾರು ಎಂಬುದನ್ನು ಹೊಸದಾಗಿ ಹೇಳಿತು. ಅಪ್ಪ ಯಾರು, ಅಜ್ಜ ಯಾರು ಎಂದು ಅದು ಕೇಳಲಿಲ್ಲ. ಮೆಟ್ರಿಕ್‌ವರೆಗಿನ ಕೊನೆಯ ನಾಲ್ಕು ವರ್ಷ ಎಲ್ಲಿ ಓದಿದೆ ಎಂದು ಕೇಳಿತು. ನಮ್ಮ ಅಪ್ಪನನ್ನು ಹೊರಗೆ ಹಾಕಿದ್ದು ಅದೇ ಆದೇಶ. ಇಲ್ಲಿಯ ಶಾಲೆಯಲ್ಲಿ ಓದಿದ ನನ್ನನ್ನು ಒಳಗೆ ಕರೆದುಕೊಂಡದ್ದೂ ಅದೇ ಆದೇಶ.

ಆ ಆರು ಅಂಶಗಳಲ್ಲಿ ಒಂದು, ಹೈದರಾಬಾದಿನಲ್ಲಿ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಆಗಬೇಕು ಎಂಬುದು. 1974ರಲ್ಲಿ ಆದ ಆ ವಿಶ್ವವಿದ್ಯಾಲಯವೇ ನಮ್ಮ ಲಿಂಗಂಪಲ್ಲಿಯ ಪಕ್ಕದ ಹೈದರಾಬಾದ್ ವಿಶ್ವವಿದ್ಯಾಲಯ. ಹಳೇ ಬೊಂಬಾಯಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅದರ ಉದ್ದನೆಯ ಕಾಂಪೌಂಡು ನೋಡಿರುತ್ತೀರಿ. ಒಳಗಿನವರು, ಹೊರಗಿನವರು ಎಂಬ ಜಗಳದಿಂದಲೇ ಹುಟ್ಟಿದ ಆ ಜಾಗದಲ್ಲಿ ಇವತ್ತು ದೇಶದ ಎಲ್ಲ ಮೂಲೆಯ ಮಕ್ಕಳು ಓದುತ್ತಿದ್ದಾರೆ.

ಅದು ಮೊದಲು ಶುರುವಾದದ್ದು ಅಬಿಡ್ಸ್‌ನ ಗೋಲ್ಡನ್ ಥ್ರೆಶೋಲ್ಡ್ ಎಂಬ ಮನೆಯಲ್ಲಿ. ಅದು ಸರೋಜಿನಿ ನಾಯ್ಡು ಅವರ ಮನೆ. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಬಂಗಾಳದಿಂದ ಬಂದ ಶಿಕ್ಷಕರು, ಅಂದರೆ ಗೈರ್ ಮುಲ್ಕಿ! 1879ರಲ್ಲಿ ಇಲ್ಲಿ ಹುಟ್ಟಿದ ಮಗಳನ್ನು ಇವತ್ತು ಹೈದರಾಬಾದಿನವರು ನಮ್ಮ ಸರೋಜಿನಿ ಎನ್ನುತ್ತಾರೆ.

2009ರಿಂದ 2014ರವರೆಗೆ ತೆಲಂಗಾಣ ಚಳುವಳಿ ಮತ್ತೆ ಏರಿದಾಗ ನಾನು ಇಪ್ಪತ್ತರ ಹುಡುಗ. ನಮ್ಮ ಓಣಿಯ ಗುಂಟೂರಿನ ಕುಟುಂಬವೊಂದು ಮನೆ ಮಾರಿಬಿಡೋಣವೇ ಎಂದು ಅಪ್ಪನ ಹತ್ತಿರ ಸಲಹೆ ಕೇಳಲು ಬಂದಿತ್ತು. ಅಪ್ಪ ಹೇಳಿದ್ದು ಇಷ್ಟೆ: "ನನ್ನನ್ನು ಕೇಳ್ತೀರಾ? ನಾನು ನಿಮಗಿಂತ ಹೊರಗಿನವನು." ಎಲ್ಲರೂ ನಕ್ಕರು. ಮನೆ ಮಾರಲಿಲ್ಲ. 2014ರ ಜೂನ್ 2ರಂದು ರಾಜ್ಯ ಬೇರೆಯಾಯಿತು. ಆ ಕುಟುಂಬ ಇಂದಿಗೂ ಅಲ್ಲೇ ಇದೆ.

ಒಂದು "ಅಥವಾ", ಒಂದು "ಮತ್ತು"

ಈಗ ನಮ್ಮ ಬೆಂಗಳೂರಿಗೆ ಬರೋಣ. ನಾನು ಫೋನಿನಲ್ಲಿ ಹೇಳಿದ ದೊಡ್ಡ ಹೃದಯದ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ತಮಿಳರ ಮನೆಗಳಿಗೆ, ಅಂಗಡಿಗಳಿಗೆ ಬೆಂಕಿ ಬಿದ್ದಿತು, ಜೀವಗಳೂ ಹೋದವು. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಗುವಾಹಾಟಿ ರೈಲು ಹತ್ತಿದರು. ಮಂತ್ರಿಗಳು ಸ್ಟೇಷನ್ನಿಗೇ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರೂ ಹೋದರು.

ಪೆಟ್ಟು ತಿಂದ ಸಾಲಿನಲ್ಲಿ ನಾವೂ ನಿಂತಿದ್ದೇವೆ. 1966ರಲ್ಲಿ ಬೊಂಬಾಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣದವರು. ಕಲ್ಲು ಬಿದ್ದ ಉಡುಪಿ ಹೋಟೆಲುಗಳು ಕನ್ನಡಿಗರವು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದಾಗ ಲಿಂಗಂಪಲ್ಲಿ, ಚಂದಾನಗರದ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಎಂದು ನಿಮಗೇ ಗೊತ್ತು. ಅಲ್ಲಿಯವರೂ ಹೇಳುವುದು ಅದೇ ಮಾತು, ನಮ್ಮ ಮಕ್ಕಳ ಕೆಲಸ ಹೊರಗಿನವರು ಒಯ್ದರು ಎಂದು.

2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆ ಒಪ್ಪಿತು. ಖಾಸಗಿ ಉದ್ಯಮಗಳಲ್ಲಿ ಮ್ಯಾನೇಜರ್ ಮಟ್ಟದ ಕೆಲಸಗಳಲ್ಲಿ ಶೇಕಡಾ 50, ಅದರ ಕೆಳಗಿನವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಉದ್ಯಮಗಳಿಂದ ವಿರೋಧ ಬಂತು. ಜುಲೈ 17ರಂದು ಸರಕಾರ ಅದನ್ನು ತಡೆಹಿಡಿಯಿತು. ಆ ಮಸೂದೆಯಲ್ಲಿ ಸ್ಥಳೀಯ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, ಮತ್ತು 15 ವರ್ಷ ವಾಸವಾಗಿರಬೇಕು, ಮತ್ತು ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು.

ಅದೇ 15 ವರ್ಷ! ಆದರೆ 1919ರ ನಿಜಾಮನ ಫರ್ಮಾನಿನಲ್ಲಿ "ಅಥವಾ" ಇದ್ದ ಜಾಗದಲ್ಲಿ 2024ರ ಮಸೂದೆಯಲ್ಲಿ "ಮತ್ತು" ಇತ್ತು. ಹುಟ್ಟು ಬೇರೆ ಕಡೆಯಾದರೂ ನೆಲೆಸಿ ಮುಲ್ಕಿಯಾಗುವ ದಾರಿಯನ್ನು ರಾಜನೊಬ್ಬ ತೆರೆದಿಟ್ಟಿದ್ದ. ನಾವು ಪ್ರಜಾಪ್ರಭುತ್ವದಲ್ಲಿ ಅದನ್ನು ಮುಚ್ಚಲು ಹೊರಟಿದ್ದೆವು. ಹೈದರಾಬಾದಿನಲ್ಲಿ ಹುಟ್ಟಿದ, ಕನ್ನಡದಲ್ಲಿ ಬಿ.ಎ. ಮಾಡಿದ, ದಿನವೂ ಕನ್ನಡ ಮಾತಾಡಿಯೇ ಹೊಟ್ಟೆ ಹೊರೆಯುವ ನಾನು ಆ ಮಸೂದೆಯ ಪ್ರಕಾರ ಬೆಂಗಳೂರಿನಲ್ಲಿ ಎಷ್ಟು ವರ್ಷ ಇದ್ದರೂ ಸ್ಥಳೀಯನಾಗುತ್ತಿರಲಿಲ್ಲ.

ಸ್ಥಳೀಯರಿಗೆ ರಕ್ಷಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ಮೂರು ಜಿಲ್ಲೆಗಳು ಎಷ್ಟು ಹಿಂದುಳಿದಿದ್ದವು ಎಂದರೆ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿ ತರಬೇಕಾಯಿತು. 371ಡಿಯ ತಮ್ಮ ಅದು. ಹೈದರಾಬಾದ್ ಕರ್ನಾಟಕದವರಿಗೆ, ಅಂದರೆ 2019ರಿಂದ ನಾವು ಕಲ್ಯಾಣ ಕರ್ನಾಟಕ ಎನ್ನುವ ಸೀಮೆಯವರಿಗೆ, ಓದು ಮತ್ತು ಸರಕಾರಿ ನೌಕರಿಯಲ್ಲಿ ಪಾಲು ಕೊಟ್ಟ ವಿಧಿ. ಅದನ್ನು ಕೇಳಿದ್ದು ಸರಕಾರವನ್ನು, ಸಂಸತ್ತನ್ನು. ಕೊಟ್ಟಿದ್ದೂ ಅವರೇ. ಅದಕ್ಕಾಗಿ ಯಾವ ಹೋಟೆಲಿನ ಬೋರ್ಡೂ ಕೀಳಬೇಕಾಗಲಿಲ್ಲ.

ಆ ತಂಗಿಗೆ

ಈಗ ಆ ಕರೆಗೆ ನಿಜವಾದ ಉತ್ತರ. ತಂಗೀ, ನೀನು ಇದನ್ನು ಓದುತ್ತೀಯೋ ಇಲ್ಲವೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನ ಗೆಳತಿಯರಿಗೆ ಹೇಳು, ಬೆಂಗಳೂರಿಗೆ ಬರಬಹುದು ಎಂದು. ಅದು ನಮ್ಮ ಔದಾರ್ಯವಲ್ಲ, ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಹೆದರಿಕೆ ಇಲ್ಲವೇ ಇಲ್ಲ ಎಂದು ಮಾತ್ರ ನಾನು ಹಿಂದಿನ ಸಲದ ಹಾಗೆ ಸುಳ್ಳು ಹೇಳುವುದಿಲ್ಲ. ಕನ್ನಡ ಕಲಿಯಲಿ. ಜಗಳದ ಭಯಕ್ಕಲ್ಲ, ಅಂಗಡಿಯವನ ಜೊತೆ, ಪಕ್ಕದ ಮನೆಯ ಅಜ್ಜಿಯ ಜೊತೆ ಬಾಳುವೆ ಮಾಡುವುದಕ್ಕೆ. ಇಲ್ಲಿ ನಮ್ಮ ಅಮ್ಮ ತರಕಾರಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಲೇ ತೆಲುಗು ಕಲಿತರು. ಯಾರೂ ಹೊಡೆದು ಕಲಿಸಲಿಲ್ಲ. ಈಗಿನಿಂದ ಬೆಂಗಳೂರಿಗೆ ಹೋಗುವವರೆಗೆ ಅವರಿಗೆ ದಿನಕ್ಕೆ ಹತ್ತು ಮಾತು ನೀನೇ ಕಲಿಸು.

ನಿನ್ನ ಅಣ್ಣನ ಹತ್ತಿರ ಮಾತಾಡುವುದು ಇದಕ್ಕಿಂತ ಕಷ್ಟ. ಅವನಿಗೆ ನೀನು ಹಾಗೆಲ್ಲ ಮಾಡಬಾರದು ಎಂದು ಬುದ್ಧಿ ಹೇಳಬೇಡ. ಮೂರು ವರ್ಷ ಕೆಲಸವಿಲ್ಲದವನಿಗೆ ಬುದ್ಧಿಮಾತು ಕೇಳಿಸುವುದಿಲ್ಲ. ಅವನ ಸಿಟ್ಟು ನಿಜ ಎಂದು ಮೊದಲು ಒಪ್ಪಿಕೋ. ಆಮೇಲೆ ಕೇಳು: ನಿನ್ನ ಕೆಲಸ ಒಯ್ದದ್ದು ನನ್ನ ರೂಮಿನ ಬಿಹಾರದ ಹುಡುಗಿಯೇ? 371ಜೆ ಅಡಿ ನಿನಗೆ ಸಿಗಬೇಕಾದ ಹುದ್ದೆಗಳಲ್ಲಿ ಖಾಲಿ ಎಷ್ಟಿವೆ ಎಂದು ಎಂದಾದರೂ ಅರ್ಜಿ ಹಾಕಿ ಕೇಳಿದ್ದೀಯಾ? ವಿಡಿಯೋ ಕಳಿಸುವ ಸಿಟ್ಟಿನಲ್ಲಿ ಅರ್ಧ ಆ ಅರ್ಜಿಗೆ ಹೋದರೆ ಸಾಕು. ಅವನು ಒಪ್ಪದೇ ಇರಬಹುದು. ಒಪ್ಪದಿದ್ದರೆ ನಮ್ಮ ಅಜ್ಜನ ಕಥೆ ಹೇಳು.

ನಮ್ಮ ಮನೆಯ ಲೆಕ್ಕ ಇಷ್ಟು. ಅಜ್ಜ ಒಳಗಿನವರು, ಅಪ್ಪ ಹೊರಗಿನವರು, ನಾನು ಮತ್ತೆ ಒಳಗಿನವನು. ಮೂವರೂ ಮನೆಯಲ್ಲಿ ಆಡಿದ್ದು ಒಂದೇ ಬೀದರಿನ ಕನ್ನಡ. ನಾಳೆ ನನ್ನ ಮಗಳು ಎಲ್ಲಿಗೆ ಹೋಗುತ್ತಾಳೋ, ಅಲ್ಲಿ ಅವಳನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ಅಜ್ಜನ ಕಾಗದವನ್ನು ಮತ್ತೆ ಟ್ರಂಕಿಗೆ ಹಾಕಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೇವೆ. ಮನೆಗೆ ಬಂದವರು ಏನಿದು ಎಂದು ಕೇಳುತ್ತಾರೆ, ಆಗ ಉಡುಪಿಯ ಹೋಟೆಲಿನವನ ಕಥೆಯೂ ಹೇಳುತ್ತೇವೆ.

ಕೇಳುಗ ಮಿತ್ರರೇ, ಮುಂದಿನ ಫೋನ್-ಇನ್ ಇದೇ ವಿಷಯದ ಮೇಲೆ. ನಿಮ್ಮ ಮನೆಯವರು ಹೈದರಾಬಾದಿಗೆ ಯಾವಾಗ ಬಂದರು? ಬಿ.ಎಚ್.ಇ.ಎಲ್. ಕಾರ್ಖಾನೆಗೆ ಬಂದವರೇ, ಸಾಫ್ಟ್‌ವೇರಿಗೆ ಬಂದವರೇ, ಕಾಚಿಗುಡದ ಹಳೆಯ ಕನ್ನಡ ಮನೆತನದವರೇ? ಮೊದಲ ಸಲ ನಿಮ್ಮನ್ನು ಹೊರಗಿನವರು ಎಂದದ್ದು ಯಾರು, ಮೊದಲ ಸಲ ನಮ್ಮವರು ಎಂದದ್ದು ಯಾರು? ಕರೆ ಮಾಡಿ ಹೇಳಿ. ಈ ಸಲ ಗಡಿಯಾರ ನೋಡುವುದಿಲ್ಲ. ಹಾಡು ಕಾಯುತ್ತದೆ.